ಸೊಲ್ಲು ಹಿಡಿದವರ ಹೆಸರೇನು?

ಕಬ್ಬಾಳಮ್ಮನ ನೆಲೆಯಾದ ಕಬ್ಬಾಳಿನ ಸುತ್ತಮುತ್ತ, ಕನಕಪುರ, ಚನ್ನಪಟ್ಟಣ, ಮಾಗಡಿ ಸೀಮೆಯ ಊರುಗಳಲ್ಲಿ ಪದ ಹೇಳುವುದೆಂದರೆ ಜೊತೆಗೂಡಿ ಹೇಳುವುದು. ಒಬ್ಬರು ಸೊಲ್ಲೆತ್ತಬೇಕು, ಉಳಿದವರು ಅದನ್ನು ಹಿಡಿಯಬೇಕು. ಈ ಕೂಡುದನಿಯ ಚರಿತ್ರೆಯನ್ನು ನಾವು ಇಲ್ಲಿಯವರೆಗೂ ಸೊಲ್ಲೆತ್ತಿದವರ ಚರಿತ್ರೆಯಾಗಿ ಮಾತ್ರ ಬರೆದುಕೊಂಡಿದ್ದೇವೆ ಎಂಬುದು ನನ್ನ ತಕರಾರು.

ಎಲ್ಲಕ್ಕೂ ಹಳೆಯದು ಸೋಬಾನೆಯೇ ಇರಬೇಕು. ಚಪ್ಪರದ ದಿನ, ಅರಿಸಿನ ಹಚ್ಚುವಾಗ, ಹಸೆಗೆ ಕರೆಯುವಾಗ ಹೆಂಗಸರು ಎರಡು ಪಾಲಾಗಿ ಕೂರುತ್ತಾರೆ. ಮುಂದೆ ಹೇಳುವವರ ಸೊಲ್ಲಿನ ಕೊನೆಯ ಅಕ್ಷರ ಇನ್ನೂ ಇಳಿದಿರುವುದಿಲ್ಲ, ಹಿಂದೆ ಹೇಳುವವರು ಅದನ್ನು ಎತ್ತಿಕೊಂಡಿರುತ್ತಾರೆ. ಅಷ್ಟರಲ್ಲಿ ಮುಂದಿನವರಿಗೆ ಉಸಿರೂ ಸಿಕ್ಕಿತು, ಮುಂದಿನ ಸಾಲೂ ನೆನಪಾಯಿತು. ವಾದ್ಯವೇ ಬೇಡ. ರಾತ್ರಿಯಿಡೀ ಪದ ಸಾಗುವುದು ಈ ಏರ್ಪಾಟಿನಿಂದಲೇ. ಹಿಂದೆ ಹೇಳುವವರು ಸೋತರೆ ಎಂಥ ಕಂಠವೂ ಗಳಿಗೆಯೊಳಗೆ ಬತ್ತುತ್ತದೆ.

ಅಮೆರಿಕದಲ್ಲೂ 1940ರ ದಶಕದ ಕೊನೆಗೆ ಕಪ್ಪು ಜನರ ಕೇರಿಗಳ ಹುಡುಗರು ಬೀದಿ ಮೂಲೆಯಲ್ಲಿ ನಿಂತು ವಾದ್ಯವಿಲ್ಲದೆ ಹಾಡುತ್ತಿದ್ದರು. ಒಬ್ಬನದು ಹಾಡು, ಉಳಿದವರದು ಅರ್ಥವಿಲ್ಲದ ಸೊಗಸಾದ ದನಿಗಳು. ಆ ಬಗೆಗೆ ಮುಂದೆ ಡೂ-ವಾಪ್ ಎಂಬ ಹೆಸರು ಬಂತು. ಬಾಲ್ಟಿಮೋರಿನ ಓರಿಯೋಲ್ಸ್ ತಂಡದ ಮುದ್ರಿಕೆ 1948ರಲ್ಲೇ ಮನೆಮಾತಾಯಿತು. ಅಲ್ಲಿ ಹೆಸರಾದದ್ದು ಇಡೀ ಗುಂಪು. ನಮ್ಮ ಸೋಬಾನೆಯ ಗುಂಪುಗಳಿಗೆ ಹೆಸರೇ ಇರಲಿಲ್ಲ.

ಗಂಡಸರ ಕಡೆ ನೀಲಗಾರರ ಮೇಳ ದೊಡ್ಡದು. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆಯನ್ನು ಮುಂದಾಳು ತಂಬೂರಿ ಮೀಟುತ್ತಾ ಹೇಳಿದರೆ ಹಿಮ್ಮೇಳದವರು ತಾಳ, ಡಕ್ಕೆಯೊಡನೆ ಸೊಲ್ಲು ಹಿಡಿಯುತ್ತಾರೆ. ಮಾದಪ್ಪನ ಗುಡ್ಡರ ಕಂಸಾಳೆಯದೂ ಇದೇ ರೀತಿ. ಕಾವೇರಿಯ ಆಚೆಗೆ ಚಿಕ್ಕಲ್ಲೂರು, ಮಲೆಮಹದೇಶ್ವರ ಬೆಟ್ಟ; ಶಿವರಾತ್ರಿಗೆ ಕನಕಪುರದ ಕಡೆಯ ಭಕ್ತರು ಹೊಳೆ ದಾಟಿ ನಡೆದೇ ಹೋಗುತ್ತಾರೆ. ಆ ಕಥೆಗಳು ಈ ದಡದಲ್ಲೂ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ.

1970ರ ದಶಕದಲ್ಲಿ ಕೂಡುದನಿಗೆ ಹೊಸ ಬಲ ಬಂತು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ದಲಿತ ಸಂಘರ್ಷ ಸಮಿತಿಯ ಸಭೆ, ಜಾಥಾಗಳಲ್ಲಿ ಅವರ ಕವಿತೆಗಳನ್ನು ತಮಟೆಯ ಪೆಟ್ಟಿಗೆ ನೂರಾರು ಜನ ಒಟ್ಟಿಗೆ ಹಾಡಿದರು. ಸೊಲ್ಲು ಹಿಡಿಯಲು ಬರುವ ಜನರಿದ್ದುದರಿಂದಲೇ ಆ ಪುಸ್ತಕ ಬೀದಿಗೆ ಬಂತೆಂದು ನಾನು ನಂಬುತ್ತೇನೆ. ನಮ್ಮ ಸಾಹಿತ್ಯ ವಿಮರ್ಶೆ ಈ ನಂಟನ್ನು ಇನ್ನಷ್ಟು ಗಮನಿಸಬೇಕಿತ್ತು.

ಆಮೇಲೆ ಬಂದದ್ದು ಕ್ಯಾಸೆಟ್ಟು. ಒಂದು ಬದಿಗೆ ಅರ್ಧ ಗಂಟೆ. ರಾತ್ರಿಯಿಡೀ ನಡೆಯುವ ಕಥೆಯನ್ನು ಅಷ್ಟರಲ್ಲಿ ಕೂರಿಸಬೇಕೆಂದರೆ ಮೊದಲು ಕತ್ತರಿ ಬೀಳುವುದು ಮರುಸೊಲ್ಲಿಗೆ. ಮೈಕು ಮುಂದಾಳಿನ ಬಾಯಿಗೆ ಹತ್ತಿರವಾಯಿತು, ಹಿಮ್ಮೇಳ ದೂರ ಸರಿಯಿತು, ಹೊದಿಕೆಯ ಮೇಲೆ ಒಬ್ಬರದೇ ಚಿತ್ರ ಅಚ್ಚಾಯಿತು. 1996ರ ‘ಜನುಮದ ಜೋಡಿ’ ಕಂಸಾಳೆಯ ಧಾಟಿಯನ್ನು ನಾಡಿಗೆಲ್ಲ ಮುಟ್ಟಿಸಿತು, ಅದು ಸಣ್ಣ ಉಪಕಾರವಲ್ಲ. ಆದರೆ ಜನರ ಬಾಯಲ್ಲಿ ಉಳಿದದ್ದು ಸಿನಿಮಾದ ಹೆಸರು.

ಎಚ್.ಎಲ್. ನಾಗೇಗೌಡರು ಈ ಹರಿವಿಗೆ ಎದುರು ನಿಂತವರು. ಐಎಎಸ್ ಅಧಿಕಾರಿಯಾಗಿದ್ದ ಅವರು ಹಾಡಿದಾಕೆಯ ಹೆಸರನ್ನೇ ಪುಸ್ತಕಕ್ಕಿಟ್ಟು ‘ಸೋಬಾನೆ ಚಿಕ್ಕಮ್ಮನ ಪದಗಳು’ ತಂದರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಹೆದ್ದಾರಿ ಬದಿಯ ಹದಿನೈದು ಎಕರೆಯಲ್ಲಿ ಜಾನಪದ ಲೋಕ ನಿಲ್ಲಿಸಿದರು. 1994ರಲ್ಲಿ ಅದು ಜನರಿಗೆ ತೆರೆದುಕೊಂಡಿತು. ಅಲ್ಲಿ ಮೇಳಗಳು ಮೇಳಗಳಾಗಿಯೇ ವೇದಿಕೆ ಹತ್ತುತ್ತವೆ. ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಹೊರತಂದದ್ದೂ ಅದೇ ದಶಕದಲ್ಲಿ. ಅಚ್ಚಿನಲ್ಲಿ ಕಥೆ ಸಿಗುತ್ತದೆ. ಸೊಲ್ಲು ಎಲ್ಲಿ ಎದ್ದು ಎಲ್ಲಿ ಬಿತ್ತೆಂಬುದನ್ನು ಕಿವಿಯೇ ಹೇಳಬೇಕು.

ಈಗ ಪ್ರತಿ ಮದುವೆ ಮನೆಯಲ್ಲೂ ಮೊಬೈಲಿದೆ. ಸಾತನೂರು, ಕಬ್ಬಾಳು ಕಡೆಯ ಓದುಗರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಊರಿನ ಸೋಬಾನೆಯನ್ನು ಮುದ್ರಿಸಿಕೊಳ್ಳುವಾಗ ಹಿಂದೆ ಹೇಳುವವರ ನಡುವೆ ಕೂತು ಮುದ್ರಿಸಿ. ಪದ ಮುಗಿದ ಮೇಲೆ ಅವರೆಲ್ಲರನ್ನೂ ಕೇಳಿ, ಅವರು ಒಪ್ಪಿದರೆ ಒಬ್ಬೊಬ್ಬರ ಹೆಸರನ್ನೂ ಬರೆದಿಡಿ.