ಎರಡು ಗಂಟೆಗೆ ಒಂದು: ಕ್ರೆಡಿಟ್ ಲೆಕ್ಕದ ಪೂರ್ವಕಥೆ

ಪ್ಲಸ್ ಟೂ ಫಲಿತಾಂಶ ಹೊರಬಿದ್ದು ಕಾಲೇಜುಗಳ ಸೇರ್ಪಡೆ ಆರಂಭವಾಗುವ ದಿನಗಳಲ್ಲಿ ಮಯೂರ್ ವಿಹಾರ್‌ನ ಕನ್ನಡಿಗರ ಮನೆಗಳಲ್ಲಿ ಈಚೆಗೆ ಹೊಸ ಪದವೊಂದು ನುಸುಳಿದೆ. ‘ಎಷ್ಟು ಪರ್ಸೆಂಟು?’ ಎಂದು ಕೇಳುತ್ತಿದ್ದವರು ಈಗ ‘ಆ ವಿಷಯಕ್ಕೆ ಎಷ್ಟು ಕ್ರೆಡಿಟ್ಟು?’ ಎಂದೂ ಕೇಳುತ್ತಾರೆ. ಮೂವತ್ತೈದು ಬಂದರೆ ಪಾಸು, ಅರವತ್ತು ಬಂದರೆ ಫಸ್ಟ್ ಕ್ಲಾಸು ಎಂಬ ಲೆಕ್ಕದಲ್ಲಿ ಬೆಳೆದ ತಂದೆತಾಯಿಗಳಿಗೆ ಈ ಕ್ರೆಡಿಟ್ ಎಂಬುದು ಬ್ಯಾಂಕಿನ ಸಾಲವೋ, ದಿನಸಿ ಅಂಗಡಿಯ ಉದ್ದರಿಯೋ ಎಂಬ ಗೊಂದಲ ಉಂಟಾದರೆ ಆಶ್ಚರ್ಯವಿಲ್ಲ.

ನಮ್ಮ ಪಕ್ಕದ ವಸುಂಧರಾ ಎನ್‌ಕ್ಲೇವಿನಲ್ಲಿ ದೆಹಲಿ ವಿಶ್ವವಿದ್ಯಾಲಯದ ಎರಡು ಕಾಲೇಜುಗಳಿವೆ: ಮಹಾರಾಜ ಅಗ್ರಸೇನ್ ಕಾಲೇಜು, ಹೆಣ್ಣುಮಕ್ಕಳಿಗಾಗಿರುವ ಶಹೀದ್ ರಾಜಗುರು ಕಾಲೇಜು. ಈ ವಿಶ್ವವಿದ್ಯಾಲಯದಲ್ಲಿ 2022ರಿಂದ ಜಾರಿಗೆ ಬಂದ ಪಠ್ಯಕ್ರಮದ ಚೌಕಟ್ಟಿನಲ್ಲಿ ಪ್ರತಿಯೊಂದು ಮುಖ್ಯ ಪತ್ರಿಕೆಗೂ ನಾಲ್ಕು ಕ್ರೆಡಿಟ್. ಒಂದೇ ಮನೆಯ ಅಕ್ಕ ಕಲಾ ವಿಷಯವನ್ನೂ ತಂಗಿ ವಿಜ್ಞಾನವನ್ನೂ ಓದುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅಕ್ಕನ ಪತ್ರಿಕೆಗೆ ವಾರಕ್ಕೆ ಮೂರು ಗಂಟೆ ಉಪನ್ಯಾಸ, ಒಂದು ಗಂಟೆ ಟ್ಯುಟೋರಿಯಲ್. ಒಟ್ಟು ನಾಲ್ಕು ಗಂಟೆ. ತಂಗಿಯ ಪತ್ರಿಕೆಯಲ್ಲಿ ಎರಡು ಕ್ರೆಡಿಟ್ ಉಪನ್ಯಾಸಕ್ಕೆ, ಎರಡು ಪ್ರಯೋಗಕ್ಕೆ ಎಂದಿದ್ದರೆ ಅವಳು ಎರಡು ಗಂಟೆ ಪಾಠ ಕೇಳಿ, ನಾಲ್ಕು ಗಂಟೆ ಪ್ರಯೋಗಾಲಯದಲ್ಲಿ ನಿಲ್ಲಬೇಕು. ಒಟ್ಟು ಆರು ಗಂಟೆ. ಅಂಥ ಮೂರು ಪತ್ರಿಕೆ ಸೇರಿದರೆ ಅಕ್ಕನಿಗೆ ಹನ್ನೆರಡು ಗಂಟೆ, ತಂಗಿಗೆ ಹದಿನೆಂಟು. ಅಂಕಪಟ್ಟಿಯಲ್ಲಿ ಮಾತ್ರ ಇಬ್ಬರಿಗೂ ಹನ್ನೆರಡೇ ಕ್ರೆಡಿಟ್. ತಂಗಿಯ ಆರು ಗಂಟೆ ಎಲ್ಲಿ ಹೋಯಿತು? ಅದನ್ನು ಹುಡುಕಬೇಕಾದರೆ ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ, ಅಮೆರಿಕಕ್ಕೆ ಹೋಗಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಅಲ್ಲಿನ ಕಾಲೇಜುಗಳಲ್ಲಿ ಲೆಕ್ಕದ ಅಗತ್ಯವೇ ಹೆಚ್ಚಾಗಿ ಬಿದ್ದಿರಲಿಲ್ಲ. ಗ್ರೀಕ್, ಲ್ಯಾಟಿನ್, ಗಣಿತ ಎಂದು ಒಂದು ತರಗತಿಯವರೆಲ್ಲ ಬಹುಮಟ್ಟಿಗೆ ಒಂದೇ ಪಾಠ ಓದುತ್ತಿದ್ದರು. 1869ರಲ್ಲಿ ಹಾರ್ವರ್ಡಿನ ಅಧ್ಯಕ್ಷರಾಗಿ ಬಂದ ಚಾರ್ಲ್ಸ್ ಎಲಿಯಟ್ ನಲವತ್ತು ವರ್ಷ ಆ ಪದವಿಯಲ್ಲಿದ್ದು, ವಿದ್ಯಾರ್ಥಿ ತನಗೆ ಬೇಕಾದ ವಿಷಯವನ್ನು ತಾನೇ ಆರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಆಯ್ಕೆ ಬಂದ ಕೂಡಲೇ ತೂಕದ ಪ್ರಶ್ನೆಯೂ ಬಂತು. ಒಬ್ಬ ರಸಾಯನಶಾಸ್ತ್ರ ಓದಿದ, ಇನ್ನೊಬ್ಬ ಫ್ರೆಂಚ್ ಓದಿದ. ಇಬ್ಬರಿಗೂ ಒಂದೇ ಪದವಿ ಕೊಡಬೇಕಾದರೆ ಎರಡನ್ನೂ ಅಳೆಯುವ ಸೇರು ಒಂದಿರಬೇಕಲ್ಲ?

ಆ ಸೇರು ಎಲ್ಲೆಡೆ ಚಲಾವಣೆಗೆ ಬಂದದ್ದು ವಿದ್ಯೆಯ ಚರ್ಚೆಯಿಂದಲ್ಲ, ಪಿಂಚಣಿಯಿಂದ. ಪಿಂಚಣಿ ಎಂದರೆ ಕಿವಿ ನಿಮಿರುವ ನಮ್ಮಂಥವರಿಗೆ ಈ ಭಾಗ ವಿಶೇಷ ಸ್ವಾರಸ್ಯದ್ದು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರ ನಿವೃತ್ತಿ ವೇತನಕ್ಕಾಗಿ ಒಂದು ಕೋಟಿ ಡಾಲರ್ ತೆಗೆದಿಟ್ಟು ಒಂದು ಪ್ರತಿಷ್ಠಾನ ಸ್ಥಾಪಿಸಿದರು. ಅದರ ಮೊದಲ ಅಧ್ಯಕ್ಷರು ಹೆನ್ರಿ ಪ್ರಿಚೆಟ್. ಹಣವೇನೋ ಬಂತು, ಆದರೆ ‘ಕಾಲೇಜು’ ಎಂದರೆ ಯಾವುದು? ಆಗ ಅಮೆರಿಕದಲ್ಲಿ ಹೈಸ್ಕೂಲಿಗಿಂತ ಹೆಚ್ಚಿಲ್ಲದ ಸಂಸ್ಥೆಗಳೂ ಕಾಲೇಜು ಎಂಬ ಬೋರ್ಡು ಹಾಕಿಕೊಂಡಿದ್ದವು. ಪ್ರತಿಷ್ಠಾನ ನಿಯಮ ಮಾಡಿತು: ನಿಜವಾದ ಕಾಲೇಜು ಹೈಸ್ಕೂಲಿನಲ್ಲಿ ಹದಿನಾಲ್ಕು ಯೂನಿಟ್ ಓದಿ ಬಂದವರನ್ನು ಮಾತ್ರ ಸೇರಿಸಿಕೊಳ್ಳತಕ್ಕದ್ದು. ಒಂದು ವಿಷಯವನ್ನು ವರ್ಷದಲ್ಲಿ 120 ಗಂಟೆ ಕಲಿತರೆ ಒಂದು ಯೂನಿಟ್. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿದವು, ಕಾಲೇಜಿನ ಸೀಟಿಗಾಗಿ ಹೈಸ್ಕೂಲುಗಳು ಒಪ್ಪಿದವು. ಪ್ರತಿಷ್ಠಾನವು ಮತಸಂಸ್ಥೆಗಳ ಅಧೀನದ ಕಾಲೇಜುಗಳಿಗೆ ಪಿಂಚಣಿ ಇಲ್ಲವೆಂದಾಗ ಕೆಲವು ಕಾಲೇಜುಗಳು ಇಗರ್ಜಿಯ ನಂಟನ್ನೇ ಕಡಿದುಕೊಂಡವು ಎಂದ ಮೇಲೆ ಗಂಟೆಯ ಲೆಕ್ಕ ಒಪ್ಪುವುದು ಯಾವ ದೊಡ್ಡ ಮಾತು! ಮುಂದೆ ಉಚಿತ ಪಿಂಚಣಿಗೆ ಹಣ ಸಾಲದೆ 1918ರಲ್ಲಿ ಅಧ್ಯಾಪಕರಿಂದಲೂ ವಂತಿಗೆ ಪಡೆಯುವ ಬೇರೊಂದು ಸಂಸ್ಥೆ ಹುಟ್ಟಿತು. 2004ರ ನಂತರ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಆ ಕಥೆಯನ್ನು ವಿವರಿಸಬೇಕಾಗಿಲ್ಲ.

ಅದೇ ಪ್ರತಿಷ್ಠಾನ ಮಾರಿಸ್ ಕುಕ್ ಎಂಬ ಎಂಜಿನಿಯರನ್ನು ಕಾಲೇಜುಗಳ ದಕ್ಷತೆಯನ್ನು ಪರಿಶೀಲಿಸಲು ನೇಮಿಸಿತು. ಈತ ಕಾರ್ಖಾನೆಯ ಕೆಲಸಗಾರರ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದ ಫ್ರೆಡರಿಕ್ ಟೇಲರನ ಶಿಷ್ಯ. 1910ರ ವರದಿಯಲ್ಲಿ ಕುಕ್ ‘ವಿದ್ಯಾರ್ಥಿ ಗಂಟೆ’ ಎಂಬ ಮಾನವನ್ನು ಸೂಚಿಸಿದ. ಒಬ್ಬ ವಿದ್ಯಾರ್ಥಿ ಒಂದು ಗಂಟೆ ಉಪನ್ಯಾಸದಲ್ಲಿ ಕುಳಿತರೂ ಒಂದು, ಪಾಠ ಒಪ್ಪಿಸುವ ಕೊಠಡಿಯಲ್ಲಿ ಕುಳಿತರೂ ಒಂದು, ಪ್ರಯೋಗಾಲಯದಲ್ಲಿ ನಿಂತರೂ ಒಂದೇ. ಇಲ್ಲಿ ಓದುಗರು ಸ್ವಲ್ಪ ನಿಂತು ನೋಡಬೇಕು. ಕಾರ್ಖಾನೆಯ ಕಣ್ಣಿನಿಂದ ವಿದ್ಯೆಯನ್ನು ಅಳೆದ ಎಂದು ನಿಂದೆಗೆ ಗುರಿಯಾದ ಮನುಷ್ಯ ಪ್ರಯೋಗಾಲಯದ ಗಂಟೆಯನ್ನು ಅರ್ಧಕ್ಕಿಳಿಸಲಿಲ್ಲ.

ಹಾಗಾದರೆ ಎರಡಕ್ಕೆ ಒಂದು ಎಂಬ ರೂಢಿ ಯಾವ ತರ್ಕದ ಮೇಲೆ ನಿಂತಿದೆ? ಒಂದು ಗಂಟೆ ಉಪನ್ಯಾಸ ಕೇಳಿದವನು ಅದಕ್ಕಾಗಿ ಮನೆಯಲ್ಲಿ ಇನ್ನೆರಡು ಗಂಟೆ ಓದಬೇಕು ಎಂಬುದು ಅಮೆರಿಕದ ಕಾಲೇಜುಗಳ ನಿರೀಕ್ಷೆ. ಅಲ್ಲಿನ ಕೇಂದ್ರ ಸರ್ಕಾರ 2010ರ ನಿಯಮದಲ್ಲಿ ಅದನ್ನೇ ಬರೆದಿಟ್ಟಿತು. ಅಂದರೆ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಸುಮಾರು ಮೂರು ಗಂಟೆ ದುಡಿಮೆ. ಪ್ರಯೋಗದ ಕೆಲಸವಾದರೋ ಪ್ರಯೋಗಾಲಯದಲ್ಲೇ ಮುಗಿಯುತ್ತದೆ, ಮನೆಗೆ ಬರುವುದು ಕಡಿಮೆ, ಆದ್ದರಿಂದ ಅಲ್ಲಿ ಎರಡು ಮೂರು ಗಂಟೆ ನಿಂತರೆ ಒಂದು ಕ್ರೆಡಿಟ್ ಸಾಕು ಎಂಬುದು ವಾದ.

ಕೇಂದ್ರ ಸರ್ಕಾರದ ನೌಕರರಿಗೆ ಇಂಥ ಲೆಕ್ಕ ಹೊಸದಲ್ಲ. ನಮ್ಮ ರಜೆಯ ಖಾತೆಗೂ ಜನವರಿ ಒಂದು, ಜುಲೈ ಒಂದರಂದು ‘ಕ್ರೆಡಿಟ್’ ಬೀಳುತ್ತದೆ. ಅರ್ಧ ವೇತನದ ರಜೆಯನ್ನು ಕಮ್ಯುಟೆಡ್ ರಜೆಯಾಗಿ ಪಡೆದರೆ ಒಂದು ದಿನಕ್ಕೆ ಎರಡು ದಿನ ಖರ್ಚು ಬೀಳುತ್ತದೆ. 1972ರ ರಜಾ ನಿಯಮಗಳ ಈ ಲೆಕ್ಕಕ್ಕೆ ಕಾರಣ ಸ್ಪಷ್ಟ: ಅರ್ಧ ಸಂಬಳ ಎರಡು ಸೇರಿದರೆ ಪೂರ್ಣ ಸಂಬಳ. ಆದರೆ ಪ್ರಯೋಗಾಲಯದ ಗಂಟೆ ಯಾವುದರಲ್ಲಿ ಅರ್ಧ? ಬಿ.ಎಸ್ಸಿ. ಓದಿದವರನ್ನು ಕೇಳಿ ನೋಡಿ. ಬ್ಯುರೆಟ್ಟು, ಪಿಪೆಟ್ಟು ತೊಳೆದಿಟ್ಟು ಬಂದ ಮೇಲೆ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯುವುದು, ಗ್ರಾಫ್ ಎಳೆಯುವುದು, ಲಾಗರಿದಮ್ ಕೋಷ್ಟಕ ನೋಡಿ ಲೆಕ್ಕ ಮಾಡುವುದು ಎಲ್ಲವೂ ಮನೆಯಲ್ಲೇ, ಬಹುತೇಕ ರಾತ್ರಿ ಹೊತ್ತಿನಲ್ಲೇ. ಉಪನ್ಯಾಸದ ಪಾಠವನ್ನಾದರೋ ಪರೀಕ್ಷೆಯ ಹಿಂದಿನ ವಾರದವರೆಗೆ ಮುಟ್ಟದವರು ಎಷ್ಟು ಜನ! ಅಮೆರಿಕದ ನಿರೀಕ್ಷೆಯನ್ನು ಬಿಟ್ಟು ಅದರಿಂದ ಹುಟ್ಟಿದ ಅಂಕಿಯನ್ನು ಮಾತ್ರ ನಾವು ತಂದುಕೊಂಡಿದ್ದೇವೆ ಎಂದು ನನಗನಿಸುತ್ತದೆ.

ತಂದುಕೊಂಡ ದಾರಿಯಲ್ಲಿ ಕನ್ನಡನಾಡೂ ಇದೆ ಎಂಬುದು ನಮ್ಮವರಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಅಮೆರಿಕದಲ್ಲಿ 1862ರ ಮಾರಿಲ್ ಕಾಯಿದೆಯಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟು, ಅದರ ಹುಟ್ಟುವಳಿಯಿಂದ ಕೃಷಿ ಹಾಗೂ ಯಂತ್ರವಿದ್ಯೆಯ ಕಾಲೇಜುಗಳನ್ನು ತೆರೆಯಿಸಿತ್ತು. (ವಿನೋಬಾ ಭಾವೆಯವರ ಭೂದಾನಕ್ಕೂ ಇದಕ್ಕೂ ಸಂಬಂಧವಿಲ್ಲ.) ಆ ಮಾದರಿಯ ಕೃಷಿ ವಿಶ್ವವಿದ್ಯಾಲಯಗಳು ಭಾರತಕ್ಕೂ ಬೇಕೆಂದು 1955ರ ಭಾರತ-ಅಮೆರಿಕ ಜಂಟಿ ತಂಡ ಸಲಹೆ ಮಾಡಿತು. 1960ರಲ್ಲಿ ಪಂತನಗರದ ವಿಶ್ವವಿದ್ಯಾಲಯ ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ ಆರಂಭವಾಯಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿತು. ಅದಕ್ಕೆ ನೆರವಾದದ್ದು ಟೆನೆಸೀ ವಿಶ್ವವಿದ್ಯಾಲಯ, ಮೊದಲ ಕುಲಪತಿ ಡಾ. ಕೆ. ಸಿ. ನಾಯಕ್. 1946ರ ಹೆಬ್ಬಾಳದ ಕೃಷಿ ಕಾಲೇಜು, 1947ರ ಧಾರವಾಡದ ಕೃಷಿ ಕಾಲೇಜು ಎರಡೂ ಅದರೊಳಗೆ ಸೇರಿದವು. 1986ರಲ್ಲಿ ಧಾರವಾಡಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು.

ಉಳಿದ ಕಾಲೇಜುಗಳಲ್ಲಿ ವರ್ಷಕ್ಕೊಂದು ಪರೀಕ್ಷೆ ಬರೆದು ನಂಬರಿಗಾಗಿ ಕಾಯುತ್ತಿದ್ದ ಕಾಲದಲ್ಲೇ ಈ ಹೊಸ ವಿಶ್ವವಿದ್ಯಾಲಯಗಳ ಜೊತೆಗೆ ಕೋರ್ಸು, ಕ್ರೆಡಿಟ್, ಗ್ರೇಡ್ ಪಾಯಿಂಟು ಎಂಬ ಮಾತುಗಳು ಬಂದವು. ಕೃಷಿ ಕಾಲೇಜುಗಳ ಪಠ್ಯಪಟ್ಟಿಯಲ್ಲಿ ಕೋರ್ಸಿನ ಹೆಸರಿನ ಮುಂದೆ ‘3 (2+1)’ ಎಂದು ಬರೆಯುವ ರೂಢಿ: ಒಟ್ಟು ಮೂರು ಕ್ರೆಡಿಟ್, ಅದರಲ್ಲಿ ಎರಡು ಪಾಠಕ್ಕೆ, ಒಂದು ಗದ್ದೆ ಅಥವಾ ಪ್ರಯೋಗಾಲಯದ ಕೆಲಸಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘3:1’ ಎಂದು ಬರೆಯುತ್ತಾರೆ. ದೆಹಲಿಯ ಐ.ಐ.ಟಿ.ಯಲ್ಲಿ ಉಪನ್ಯಾಸ, ಟ್ಯುಟೋರಿಯಲ್, ಪ್ರಯೋಗ ಎಂದು ‘3-0-2’ರಂತೆ ಮೂರು ಅಂಕಿ. ಕೊನೆಯ ಅಂಕಿಯನ್ನು ಅರ್ಧ ಮಾಡಿ ಕೂಡಿದರೆ ನಾಲ್ಕು ಕ್ರೆಡಿಟ್. ಈ ಬರವಣಿಗೆಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಯಾವ ಬಗೆಯ ಕಲಿಕೆಗೆ ಎಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ, ಒಟ್ಟು ಮೊತ್ತದೊಳಗೆ ಹೂತುಹೋಗುವುದಿಲ್ಲ.

ಸಾಮಾನ್ಯ ಪದವಿ ಕಾಲೇಜುಗಳಿಗೆ ಈ ಲೆಕ್ಕ ವ್ಯಾಪಕವಾಗಿ ಇಳಿದದ್ದು 2015ರಲ್ಲಿ ಯು.ಜಿ.ಸಿ. ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯನ್ನು ತಂದ ಮೇಲೆ. ಮರುವರ್ಷವೇ ದೆಹಲಿಯಲ್ಲಿ ದೊಡ್ಡ ಗದ್ದಲವಾಯಿತು. 2016ರ ಮೇ ತಿಂಗಳಲ್ಲಿ ಯು.ಜಿ.ಸಿ. ಅಧ್ಯಾಪಕರ ಕೆಲಸದ ಹೊರೆಯ ನಿಯಮಗಳನ್ನು ತಿದ್ದಿ, ಪ್ರಯೋಗಾಲಯದ ಎರಡು ಗಂಟೆಯನ್ನು ಬೋಧನೆಯ ಒಂದು ಗಂಟೆಯಾಗಿ ಎಣಿಸಬೇಕೆಂದಿತು. ಲೆಕ್ಕ ಹಾಗೆ ಬದಲಾದರೆ ಅಷ್ಟೇ ಪಾಠಕ್ಕೆ ಕಡಿಮೆ ಅಧ್ಯಾಪಕರು ಸಾಕು. ತಾತ್ಕಾಲಿಕವಾಗಿ ದುಡಿಯುತ್ತಿದ್ದವರ ಅನ್ನಕ್ಕೇ ಕಲ್ಲು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಉತ್ತರಪತ್ರಿಕೆಗಳ ಮೌಲ್ಯಮಾಪನವನ್ನು ಬಹಿಷ್ಕರಿಸಿ ಬೀದಿಗಿಳಿದರು, ಕೆಲವೇ ವಾರಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ಅಧ್ಯಾಪಕರ ಪಾಲಿಗೆ ಪ್ರಯೋಗಾಲಯದ ಗಂಟೆ ಮತ್ತೆ ಪೂರ್ಣ ಗಂಟೆಯಾಯಿತು. ವಿದ್ಯಾರ್ಥಿಯ ಪಾಲಿಗೆ ಅದು ಅಂದೂ ಅರ್ಧ, ಇಂದೂ ಅರ್ಧ.

ಇನ್ನು ನಮ್ಮ ಭಾಷೆಯ ವಿಷಯ. 2021-22ರಲ್ಲಿ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ಎಲ್ಲ ರಾಜ್ಯಗಳಿಗಿಂತ ಮೊದಲು ತಂದಿತು. ಆಗಿನ ಮಾದರಿ ಪಠ್ಯಕ್ರಮದಲ್ಲಿ ವಿಜ್ಞಾನದ ಮುಖ್ಯ ವಿಷಯಕ್ಕೆ ನಾಲ್ಕು ಗಂಟೆ ಪಾಠಕ್ಕೆ ನಾಲ್ಕು ಕ್ರೆಡಿಟ್, ನಾಲ್ಕು ಗಂಟೆ ಪ್ರಯೋಗಕ್ಕೆ ಎರಡು. ಯೋಗಕ್ಕೆ ಎರಡು ಗಂಟೆಗೆ ಒಂದು. ಕನ್ನಡವೂ ಸೇರಿದಂತೆ ಭಾಷೆಗೆ ವಾರಕ್ಕೆ ನಾಲ್ಕು ಗಂಟೆ, ಕ್ರೆಡಿಟ್ ಮಾತ್ರ ಮೂರು! ಭಾಷೆಯ ತರಗತಿಯಲ್ಲಿ ಬ್ಯುರೆಟ್ಟೂ ಇಲ್ಲ, ಯೋಗಾಸನವೂ ಇಲ್ಲ. ಆದರೂ ನಾಲ್ಕರಲ್ಲಿ ಒಂದು ಗಂಟೆ ಲೆಕ್ಕಕ್ಕೆ ಸೇರಲಿಲ್ಲ. ಕನ್ನಡ ಕಡ್ಡಾಯವಾಗಬೇಕೇ ಬೇಡವೇ ಎಂಬ ವಾದ ಹೈಕೋರ್ಟಿನವರೆಗೆ ಹೋಗಿ ಪತ್ರಿಕೆಗಳ ಮುಖಪುಟಕ್ಕೂ ಬಂತು. ಆ ನಾಲ್ಕನೆಯ ಗಂಟೆಯ ಪ್ರಶ್ನೆ ಅಷ್ಟು ಸದ್ದು ಮಾಡಲಿಲ್ಲ. 2024-25ರಿಂದ ರಾಜ್ಯವು ಆ ಮಾದರಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು.

ಯುರೋಪಿನವರು 1989ರಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಅಧ್ಯಾಪಕರು ಎಷ್ಟು ಹೊತ್ತು ಕಲಿಸಿದರು ಎಂಬುದರ ಬದಲು ವಿದ್ಯಾರ್ಥಿ ಒಟ್ಟು ಎಷ್ಟು ದುಡಿದ ಎಂಬುದನ್ನು ಎಣಿಸುತ್ತಾರೆ. 25ರಿಂದ 30 ಗಂಟೆಗೆ ಒಂದು, ವರ್ಷಕ್ಕೆ ಅರವತ್ತು. ಪಾಠವೋ ಪ್ರಯೋಗವೋ ಎಂಬ ಭೇದ ಅಲ್ಲಿ ತಾನಾಗಿ ಕರಗುತ್ತದೆ. ನಮ್ಮಲ್ಲೂ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವರ್ಷಕ್ಕೆ 1200 ಕಲಿಕೆಯ ಗಂಟೆಗೆ 40 ಕ್ರೆಡಿಟ್ ಎಂದಿದೆ, ಅಂದರೆ ಮೂವತ್ತು ಗಂಟೆಗೆ ಒಂದು. ಆದರೆ ಯು.ಜಿ.ಸಿ.ಯ 2022ರ ಚೌಕಟ್ಟು ಹದಿನೈದು ಗಂಟೆ ಉಪನ್ಯಾಸಕ್ಕೆ ಒಂದು, ಮೂವತ್ತು ಗಂಟೆ ಪ್ರಯೋಗಕ್ಕೆ ಒಂದು ಎಂಬ ಹಳೆಯ ಸೇರನ್ನೇ ಇಟ್ಟುಕೊಂಡಿದೆ. ನಾಲ್ಕು ವರ್ಷದ ಪದವಿಗೆ ಯು.ಜಿ.ಸಿ. ಲೆಕ್ಕದಲ್ಲಿ 160 ಕ್ರೆಡಿಟ್ ಸಾಕು, ದೆಹಲಿ ವಿಶ್ವವಿದ್ಯಾಲಯದಲ್ಲಿ 176 ಬೇಕು. ಸೇರಿನ ಮೂಲದ ಕಾರ್ನೆಗಿ ಪ್ರತಿಷ್ಠಾನವೇ 2015ರ ವರದಿಯಲ್ಲಿ ಇದರ ಕುಂದುಗಳನ್ನು ಒಪ್ಪಿಕೊಂಡೂ, ಬದಲಿಗೆ ಇಡಲು ಬೇರೆ ಅಳತೆ ಸಿದ್ಧವಿಲ್ಲವೆಂದು ಅದನ್ನು ಉಳಿಸಿಕೊಳ್ಳುವ ಪರವಾಗಿ ನಿಂತಿತು.

ಊರೂರು ವರ್ಗವಾಗುವ ನಮ್ಮಂಥವರಿಗೆ ಕ್ರೆಡಿಟ್ಟಿನಿಂದ ನಿಜವಾದ ಅನುಕೂಲವೂ ಇದೆ, ಅದನ್ನು ಮರೆಯಬಾರದು. ಹಿಂದೆ ತಂದೆಗೆ ಬೆಂಗಳೂರಿನಿಂದ ದೆಹಲಿಗೆ ವರ್ಗವಾದರೆ ಮಗ ಹಾಸ್ಟೆಲಿನಲ್ಲಿ ಉಳಿಯಬೇಕು, ಇಲ್ಲವೇ ಓದಿದ ವರ್ಷವನ್ನು ಕಳೆದುಕೊಳ್ಳಬೇಕು. 2021ರ ಜುಲೈಯಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಖಾತೆಯಲ್ಲಿ ಗಳಿಸಿದ ಕ್ರೆಡಿಟ್ ಏಳು ವರ್ಷದವರೆಗೆ ಬಾಳುತ್ತದೆ, ಬೇರೆ ವಿಶ್ವವಿದ್ಯಾಲಯ ಒಪ್ಪಿದರೆ ಅಲ್ಲಿ ಜಮೆಯಾಗುತ್ತದೆ. ಆದರೆ ಕರ್ನಾಟಕದಲ್ಲಿ ಮೂರು ಕ್ರೆಡಿಟ್‌ನ ಕನ್ನಡ ಓದಿ ಬಂದವಳಿಗೆ ದೆಹಲಿ ವಿಶ್ವವಿದ್ಯಾಲಯದ ಭಾಷಾ ಪತ್ರಿಕೆ ಎರಡೇ ಕ್ರೆಡಿಟ್‌ನದು. ಮೂರನ್ನು ಎರಡರ ಜಾಗದಲ್ಲಿ ಹೇಗೆ ಕೂರಿಸಬೇಕೆಂಬುದನ್ನು ನಿರ್ಧರಿಸುವವರು ಕೇಳುವುದು ಪಠ್ಯಕ್ರಮದ ಪ್ರತಿಯನ್ನೇ. ವರ್ಗಾವಣೆಯ ಆದೇಶ ಕೈಸೇರಿದ ವಾರದಲ್ಲೇ ಕಾಲೇಜಿಗೆ ಹೋಗಿ, ಪ್ರತಿಯೊಂದು ಪತ್ರಿಕೆಯ ಉಪನ್ಯಾಸ ಎಷ್ಟು ಗಂಟೆ, ಟ್ಯುಟೋರಿಯಲ್ ಎಷ್ಟು, ಪ್ರಯೋಗ ಎಷ್ಟು ಎಂಬ ಪಟ್ಟಿಗೆ ಪ್ರಾಂಶುಪಾಲರ ರುಜು, ಮೊಹರು ಹಾಕಿಸಿಕೊಳ್ಳುವುದು ಒಳ್ಳೆಯದು. ಮನೆಯ ಸಾಮಾನು ಲಾರಿಗೆ ಏರಿದ ಮೇಲೆ ಆ ಕಾಗದಕ್ಕಾಗಿ ಎರಡು ಸಾವಿರ ಕಿಲೋಮೀಟರ್ ಹಿಂದಕ್ಕೆ ಪತ್ರ ಬರೆಯುವುದು ಬಹಳ ಕಷ್ಟ.