ಇಯತ್ತೆ ಇಲ್ಲದ ಇಯತ್ತೆ: ಬಿನ್ನೆತ್ತೆಯಿಂದ ಅಂಗನವಾಡಿಯವರೆಗೆ ಸರ್ಕಾರದ ಕಣ್ಣು

ಶಬರಿಕೊಳ್ಳದಿಂದ ಹೆಸರಾದ ರಾಮದುರ್ಗ ತಾಲೂಕಿನ ಸುರೇಬಾನದಂಥ ಮುಂಬಯಿ ಕರ್ನಾಟಕದ ಊರುಗಳಲ್ಲಿ ಹಳಬರ ಓದಿನ ಲೆಕ್ಕ ತರಗತಿಗಳಲ್ಲಿ ಇರುತ್ತಿರಲಿಲ್ಲ. ‘ನಾಲ್ಕನೇ ಇಯತ್ತೆ’, ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆ ದಾಟಿದ್ದರೆ ‘ಮುಲ್ಕಿ ಪಾಸು’ ಎಂದೇ ಅವರ ಮಾತು. ಒಂದನೇ ಇಯತ್ತೆಗಿಂತ ಕೆಳಗೆ ಇನ್ನೊಂದು ಮೆಟ್ಟಿಲಿತ್ತು: ಬಿನ್ನೆತ್ತೆ. ‘ಬಿನ್ ಇಯತ್ತೆ’, ಅಂದರೆ ಇಯತ್ತೆ ಇಲ್ಲದ್ದು. ಮರಾಠಿಯವರ ಬಾಯಲ್ಲಿ ಇದೇ ‘ಬಿಗರಿ’. ಕೂಸು ಶಾಲೆಯ ಚಾವಣಿಯ ಕೆಳಗೇ ಕೂತಿರುತ್ತಿತ್ತು, ಆದರೆ ಅದಕ್ಕೆ ಅಂಕಿ ಇರಲಿಲ್ಲ. ಅಂಕಿ ಇಲ್ಲದ ಈ ಮಗುವನ್ನು ಸರ್ಕಾರ ಹೇಗೆ ನೋಡಿತು, ಯಾವ ಇಲಾಖೆಯ ಕಣ್ಣಿನಿಂದ ನೋಡಿತು ಎಂಬುದೇ ಈ ಲೇಖನದ ವಿಷಯ.

ಮುಂಬಯಿ ಪ್ರಾಂತದಲ್ಲಿ ಶಾಲೆಯ ಮೇಲ್ವಿಚಾರಣೆ ಎಂದರೆ ‘ಡೆಪ್ಯುಟಿ’, ಶಿಕ್ಷಣ ಇಲಾಖೆಯ ತನಿಖಾಧಿಕಾರಿ. ಧಾರವಾಡ ಸೀಮೆಯ ಚನ್ನಬಸಪ್ಪನವರ ಹೆಸರಿಗೇ ಆ ಹುದ್ದೆ ಶಾಶ್ವತವಾಗಿ ಅಂಟಿಕೊಂಡಿತೆಂದರೆ ಹಳ್ಳಿಗಳಲ್ಲಿ ಅದರ ವಜನು ಎಷ್ಟಿತ್ತೆಂದು ಊಹಿಸಬಹುದು. ಡೆಪ್ಯುಟಿ ಬಂದರೆಂದರೆ ಪರೀಕ್ಷೆ, ಹಾಜರಿ, ಕೊನೆಗೆ ಷರಾ. ಪರೀಕ್ಷೆಯ ಲೆಕ್ಕ ಇಯತ್ತೆಗಳದ್ದು. ಇಯತ್ತೆಗೆ ಮುಂಚಿನ ಕಲಿಕೆಗೆ ತನ್ನದೇ ಆದ ಅಳತೆಗೋಲು ಬೇಕೆಂಬ ವಿಚಾರ ಮೊದಲು ಹೊಳೆದದ್ದು ಇಲಾಖೆಯ ಹೊರಗಿದ್ದವರಿಗೆ.

1920ರಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದರು; 1926ರಲ್ಲಿ ತಾರಾಬಾಯಿ ಮೋಡಕರ ಜೊತೆಗೂಡಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ತಾರಾಬಾಯಿ 1945ರಲ್ಲಿ ಮುಂಬಯಿ ಪ್ರಾಂತದ ಬೋರ್ಡಿ ಎಂಬ ಊರಿಗೆ ಹೋಗಿ, ಅನುತಾಯಿ ವಾಘರೊಂದಿಗೆ ಬಡವರ ಮನೆಯಂಗಳದಲ್ಲೇ ಬಾಲವಾಡಿ ನಡೆಸಿದರು. ಮಾಂಟೆಸ್ಸರಿ ಪದ್ಧತಿಯ ದುಬಾರಿ ಸಲಕರಣೆಗಳ ಜಾಗಕ್ಕೆ ಬೀಜ, ಕಲ್ಲು, ಎಲೆಗಳು ಬಂದವು. ಬೆಳಗಾವಿಯೂ ಆಗ ಅದೇ ಪ್ರಾಂತದ ಜಿಲ್ಲೆ. 1944ರ ಸಾರ್ಜೆಂಟ್ ಶಿಕ್ಷಣ ವರದಿ ದೇಶದಲ್ಲಿ ಹತ್ತು ಲಕ್ಷ ಮಕ್ಕಳಿಗೆ ಪೂರ್ವ ಪ್ರಾಥಮಿಕ ಶಿಕ್ಷಣ ಬೇಕೆಂದಿತ್ತು. ಆದರೆ ಸ್ವಾತಂತ್ರ್ಯದ ಬಳಿಕ ಬಾಲವಾಡಿಗಳು ಹಳ್ಳಿಗಳತ್ತ ಬಂದದ್ದು ಬಹುಮಟ್ಟಿಗೆ ಇನ್ನೊಂದು ಬಾಗಿಲಿನಿಂದ: 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೂಲಕ. ಶಾಲೆಗೆ ಮುಂಚಿನ ಮಗು ಶಿಕ್ಷಣ ಇಲಾಖೆಯ ಕೈಜಾರಿ ಕಲ್ಯಾಣದ ಮಡಿಲಿಗೆ ಬಿದ್ದ ಗಳಿಗೆ ಇದೇ ಎಂದು ನನ್ನ ಎಣಿಕೆ. ಮುಂದಿನ ತೊಡಕುಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ಇತ್ತ 1948ರಲ್ಲಿ ರಾಮದುರ್ಗ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಯಿತು, 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. ಆ ರಾಜ್ಯದ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯ ಲೆಕ್ಕದಲ್ಲಿ ಮಗು ಶುರುವಾಗುವುದೇ ಆರು ವರ್ಷಕ್ಕೆ. 1964-66ರ ಕೊಠಾರಿ ಶಿಕ್ಷಣ ಆಯೋಗ 1986ರ ಹೊತ್ತಿಗೆ ಐದರಿಂದ ಆರು ವಯಸ್ಸಿನ ಅರ್ಧದಷ್ಟು ಮಕ್ಕಳು ಪೂರ್ವ ಪ್ರಾಥಮಿಕದಲ್ಲಿರಬೇಕೆಂದು ಗುರಿಯಿಟ್ಟಿತು. ನಡೆಸುವ ಹೊಣೆಯನ್ನು ಮಾತ್ರ ಬಹುಪಾಲು ಖಾಸಗಿಯವರಿಗೆ ಬಿಟ್ಟಿತು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಗಳ ಮೂಲಕ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು. ಉಳಿದವು ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮೇಲಿನ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ. ಮಕ್ಕಳು ಹಸಿವಿನಿಂದ ಸಾಯುತ್ತಿದ್ದ ಕಾಲದಲ್ಲಿ ಈ ತೂಕ ಸರಿಯೇ ಇತ್ತು. ಆದರೆ ಮೇಲ್ವಿಚಾರಣೆ ಎಂಬುದು ಎಣಿಸಲು ಬರುವುದನ್ನೇ ಹಿಡಿದುಕೊಳ್ಳುತ್ತದೆ. ಕಿಲೋ, ಗ್ರಾಂ, ಮೊಟ್ಟೆ, ಹಾಜರಿ ಎಣಿಸಬಹುದು. ಮಗು ಕಥೆ ಕೇಳಿ ಮತ್ತೆ ಹೇಳುವುದನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು? ಯೋಜನೆಯ 2012ರ ಪುನಾರಚನೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯ ವಹಿಗಳು ಹನ್ನೊಂದಾದವು, 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. ವಹಿ ಮೊಬೈಲಿಗೆ ಏರಿತು, ಅದರ ಒಲವು ಬದಲಾಗಲಿಲ್ಲ. ಹೆಸರೇ ಹೇಳುತ್ತದಲ್ಲ!

ಹಾಗೆಂದು ಪಾಠದ ಪ್ರಯತ್ನಗಳೇ ನಡೆಯಲಿಲ್ಲ ಎನ್ನುವಂತಿಲ್ಲ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಮೊಳೆತ ‘ನಲಿ ಕಲಿ’ ಬೋಧನಾ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಅಂಗನವಾಡಿಗೆ ‘ಚಿಲಿಪಿಲಿ’ ಪಠ್ಯಕ್ರಮ ಬಂತು. ಈಚೆಗೆ ಒಂದನೇ ತರಗತಿಯ ಆರಂಭದಲ್ಲೇ 72 ದಿನಗಳ ಶಾಲಾ ಸಿದ್ಧತೆಯ ‘ವಿದ್ಯಾ ಪ್ರವೇಶ’ ಸೇರಿಕೊಂಡಿದೆ. ಬಿನ್ನೆತ್ತೆ ಇನ್ನೊಂದು ವೇಷದಲ್ಲಿ ಮರಳಿದಂತಿದೆ, ಈ ಸಲ ಒಂದನೇ ಇಯತ್ತೆಯ ಹೊಟ್ಟೆಯೊಳಗೆ.

ಪಾಠ ಮಾಡುವವಳ ಸ್ಥಾನವೂ ಇದೇ ಕಥೆಯ ಭಾಗ. ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಸೇವಾ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪಿತ್ತದ್ದು ಕರ್ನಾಟಕದ್ದೇ ಪ್ರಕರಣದಲ್ಲಿ, ಅಮೀರ್‌ಬಿ ಮೊಕದ್ದಮೆಯಲ್ಲಿ. 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಶಿಕ್ಷಣ ಹಕ್ಕು ಕಾಯಿದೆಯ 11ನೇ ಕಲಮಿನ ಶಾಲಾಪೂರ್ವ ಶಿಕ್ಷಣವನ್ನು ಅವರೇ ನಡೆಸುತ್ತಿದ್ದಾರೆ ಎಂಬುದು. ಸಂಬಳ ಕೊಡುವಾಗ ‘ಗೌರವಧನ’, ಹೊಣೆ ಹೊರಿಸುವಾಗ ‘ಟೀಚರ್’ ಎನ್ನುವ ವ್ಯವಸ್ಥೆಗೆ ಅದೊಂದು ಉತ್ತರವಾಗಿತ್ತು.

ಎರಡು ಇಲಾಖೆಗಳ ನಡುವಿನ ಗೆರೆ ಬೀದಿಗೆ ಬಂದದ್ದು 2024ರ ಜೂನ್‌ನಲ್ಲಿ. ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಹೊರಟಾಗ, ಮಕ್ಕಳು ಹೋದರೆ ತಮ್ಮ ಕೇಂದ್ರಗಳೇ ಬರಿದಾಗುತ್ತವೆ ಎಂದು ಕಾರ್ಯಕರ್ತೆಯರು ಬೀದಿಗಿಳಿದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯ ಸಚಿವೆ, ಬೆಳಗಾವಿ ಗ್ರಾಮೀಣ ಕ್ಷೇತ್ರದ ಲಕ್ಷ್ಮಿ ಹೆಬ್ಬಾಳಕರ ಅವರು ಅಂಗನವಾಡಿಗಳ ಪರ ನಿಂತರು. ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳು ‘ಸರ್ಕಾರಿ ಮಾಂಟೆಸ್ಸರಿ’ಗಳಾದವು. ತಾರಾಬಾಯಿ ಮಾಂಟೆಸ್ಸರಿಯನ್ನು ಅಂಗಳಕ್ಕೆ ಇಳಿಸಿದ್ದರು. ಈಗ ಅಂಗಳವೇ ಮಾಂಟೆಸ್ಸರಿಯ ಹೆಸರು ಹೊತ್ತಿತು. ಇಂಗ್ಲಿಷ್ ಎನಿಸುವ ಹೆಸರಿನ ಫಲಕಕ್ಕೆ ಪಾಲಕರು ಸೋಲುತ್ತಾರೆಂಬ ಲೆಕ್ಕಾಚಾರ ಇದರ ಹಿಂದೆ ಇಲ್ಲದಿಲ್ಲ.

ಸುರೇಬಾನದ ಮಟ್ಟದಲ್ಲಿ ಈ ಗೆರೆ ಹೀಗೆ ಕಾಣುತ್ತದೆ: ಅಂಗನವಾಡಿಯ ವರದಿ ಮೇಲ್ವಿಚಾರಕಿಯ ಕೈಯಿಂದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ, ಶಾಲೆಯ ವರದಿ ಸಮೂಹ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ. ಎರಡೂ ದಾರಿ ತಾಲೂಕಿಗೆ ಹೋಗಿ, ಅಲ್ಲಿಂದ ಬೇರೆ ಬೇರೆಯಾಗಿ ಬೆಳಗಾವಿ ಸೇರುತ್ತವೆ. ವಯಸ್ಸಿನ ಲೆಕ್ಕದಲ್ಲೂ ಇದೇ ತೊಡಕು: ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ 2022ರ ಆದೇಶ 2025-26ರಿಂದ ಜಾರಿಯಾಗಬೇಕಿತ್ತು. ಪಾಲಕರ ಒತ್ತಡಕ್ಕೆ ಮಣಿದು 2025ರ ಏಪ್ರಿಲ್‌ನಲ್ಲಿ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಹೀಗಾಗಿ ಆ ಜೂನ್‌ನಲ್ಲಿ ಐದೂವರೆ ವರ್ಷದ ಕೂಸು ಒಂದು ಇಲಾಖೆಯ ಲೆಕ್ಕದಲ್ಲಿ ಒಂದನೇ ಇಯತ್ತೆಗೆ ತಯಾರು, ಇನ್ನೊಂದರ ಲೆಕ್ಕದಲ್ಲಿ ಇನ್ನೂ ಅಂಗನವಾಡಿಯ ಊಟಕ್ಕೆ ಹಕ್ಕುದಾರ.