ಪೆಟ್ಟಿಗೆಯಿಂದ ಕಿಸೆಯವರೆಗೆ: ಗ್ರಂಥಪಾಲಕರ ನೆರವು ನಡೆದು ಬಂದ ದಾರಿ

ಕಳೆದ ಮಳೆಗಾಲದ ಒಂದು ಸಂಜೆ, ಛತ್ರಪತಿ ಸಂಭಾಜಿನಗರದ ನಮ್ಮ ಸರಕಾರಿ ವಸತಿಗೃಹದಲ್ಲಿ ಕುಳಿತು ಗೋದಾವರಿ ತೀರದ ಊರುಗಳ ಕುರಿತು ಟಿಪ್ಪಣಿ ಬರೆಯುತ್ತಿದ್ದೆವು. 1883ರಲ್ಲಿ ಪ್ರಕಟವಾದ ನಾಸಿಕ್ ಜಿಲ್ಲಾ ಗೆಜೆಟಿಯರಿನ ಒಂದು ಪುಟ ಬೇಕಾಯಿತು. ವರ್ಗವಾಗಿ ಇಲ್ಲಿಗೆ ಬರುವ ಮೊದಲು ನಾಸಿಕದಲ್ಲಿ ನಾವು ಸದಸ್ಯರಾಗಿದ್ದ ವಾಚನಾಲಯದ ಗ್ರಂಥಪಾಲಕರೊಬ್ಬರ ಸಂಖ್ಯೆ ಮೊಬೈಲಿನಲ್ಲಿತ್ತು. ಸಂಕೋಚದಿಂದಲೇ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿದೆವು. ಅರ್ಧ ಗಂಟೆಯೊಳಗೆ ಪುಟದ ಚಿತ್ರ ಬಂತು. ಅದರ ಕೆಳಗೆ ಮರಾಠಿಯಲ್ಲಿ ಒಂದು ಸಾಲು: ಅಡಿಟಿಪ್ಪಣಿ ಮುಂದಿನ ಪುಟಕ್ಕೆ ಹರಿದಿದೆ, ಅದನ್ನೂ ಕಳುಹಿಸಿದ್ದೇನೆ. ನಾವು ಕೇಳಿದ್ದು ಒಂದು ಪುಟ; ಅವರು ಕೊಟ್ಟದ್ದು ನಮಗೆ ನಿಜವಾಗಿ ಬೇಕಿದ್ದದ್ದು.

ಕೇಳಿದ್ದಕ್ಕೂ ಬೇಕಿದ್ದಕ್ಕೂ ನಡುವಿನ ಈ ಅಂತರವನ್ನು ಅರಿತು ತುಂಬುವ ಕೆಲಸಕ್ಕೆ ಒಂದು ಇತಿಹಾಸವಿದೆ. 1876ರಲ್ಲಿ ಅಮೆರಿಕೆಯ ವುಸ್ಟರ್ ನಗರದ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್, ಗ್ರಂಥಪಾಲಕರಿಗೂ ಓದುಗರಿಗೂ ಇರಬೇಕಾದ ವೈಯಕ್ತಿಕ ಸಂಬಂಧವನ್ನು ಕುರಿತು ಒಂದು ಪ್ರಬಂಧ ಬರೆದರು. ಪುಸ್ತಕಗಳನ್ನು ಕಾಯುವುದಷ್ಟೇ ಗ್ರಂಥಪಾಲಕರ ಕೆಲಸವಲ್ಲ, ಬಂದವರ ಪ್ರಶ್ನೆಗೆ ದಾರಿ ತೋರುವುದೂ ಅವರ ಧರ್ಮ ಎಂಬ ಮಾತು ಅಂದು ಹೊಸದು. ನಮ್ಮಲ್ಲಿ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರು ಎಸ್. ಆರ್. ರಂಗನಾಥನ್. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯವನ್ನು ಉಳಿಸಬೇಕೆನ್ನುತ್ತದೆ. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಹಳ್ಳಿಗಳಿಗೆ ಹೊರಟವು.

ಓದುಗರು ಗ್ರಂಥಾಲಯಕ್ಕೆ ಬರಲಾಗದಿದ್ದರೆ ಗ್ರಂಥಾಲಯವೇ ಅವರ ಬಳಿಗೆ ಹೋಗಬೇಕೆಂಬ ಈ ಚಿಂತನೆಗೂ ನಾಸಿಕ ಜಿಲ್ಲೆಗೂ ಹಳೆಯ ನಂಟು. ಬಡೋದೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1863ರಲ್ಲಿ ಹುಟ್ಟಿದ್ದು ಮಾಲೇಗಾಂವ್ ಬಳಿಯ ಕವಳಾಣೆ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ದತ್ತುಪುತ್ರರಾಗಿ ಗಾದಿಗೇರಿದ ಅವರು 1910ರಲ್ಲಿ ಅಮೆರಿಕೆಯಿಂದ ವಿಲಿಯಂ ಬೋರ್ಡನ್ ಎಂಬ ತಜ್ಞರನ್ನು ಕರೆಸಿ ಸಂಸ್ಥಾನದಾದ್ಯಂತ ಗ್ರಂಥಾಲಯಗಳ ಜಾಲ ಕಟ್ಟಿಸಿದರು. ಅದರ ಸಂಚಾರಿ ಗ್ರಂಥಾಲಯಗಳೆಂದರೆ ಪುಸ್ತಕ ತುಂಬಿದ ಪೆಟ್ಟಿಗೆಗಳು. ಸುಮಾರು ನೂರು ವರ್ಷಗಳ ನಂತರ, 2009ರಲ್ಲಿ, ನಾಸಿಕದ ಕುಸುಮಾಗ್ರಜ ಪ್ರತಿಷ್ಠಾನದ ಆಶ್ರಯದಲ್ಲಿ ‘ಗ್ರಂಥ ತುಮಚ್ಯಾ ದಾರಿ’, ಅಂದರೆ ‘ಗ್ರಂಥ ನಿಮ್ಮ ಬಾಗಿಲಿಗೆ’ ಎಂಬ ಯೋಜನೆ ಆರಂಭವಾದಾಗ ಆ ಪೆಟ್ಟಿಗೆ ಮರಳಿ ಬಂತು. ಒಂದು ಪೆಟ್ಟಿಗೆಗೆ 100 ಪುಸ್ತಕ. ನೆರೆಹೊರೆಯ ಓದುಗರು ಸೇರಿ ಓದಿ ಮುಗಿಸಿದ ಮೇಲೆ ಪೆಟ್ಟಿಗೆ ಬದಲಾಗುತ್ತದೆ. ವಾಟ್ಸ್‌ಆ್ಯಪ್ ಹುಟ್ಟಿದ್ದೂ ಅದೇ 2009ರಲ್ಲಿ.

ಕಿರುಸಂದೇಶದ ಕಥೆ ಅದಕ್ಕಿಂತ ಹಿಂದಿನದು. ಜಗತ್ತಿನ ಮೊದಲ ಕಿರುಸಂದೇಶ ಹೋದದ್ದು 1992ರ ಡಿಸೆಂಬರ್ 3ರಂದು. ಅಮೆರಿಕೆಯ ಸೌತ್‌ಈಸ್ಟರ್ನ್ ಲೂಸಿಯಾನ ವಿಶ್ವವಿದ್ಯಾಲಯದ ಗ್ರಂಥಾಲಯವು 2005ರಲ್ಲಿ ಓದುಗರ ಪ್ರಶ್ನೆಗಳಿಗೆ ಕಿರುಸಂದೇಶದಲ್ಲಿ ಉತ್ತರಿಸತೊಡಗಿತು. ರೋಮನ್ ಲಿಪಿಯಲ್ಲಿ ಒಂದು ಸಂದೇಶಕ್ಕೆ 160 ಅಕ್ಷರಗಳ ಅವಕಾಶ. ಕನ್ನಡಕ್ಕಾದರೆ 70 ಮಾತ್ರ. ಅದರಲ್ಲೂ ಒತ್ತು, ಗುಣಿತ, ಅನುಸ್ವಾರಗಳೆಲ್ಲ ಬೇರೆ ಬೇರೆ ಎಣಿಕೆ. ‘ಗ್ರಂಥಾಲಯ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಯಂತ್ರದ ಲೆಕ್ಕದಲ್ಲಿ ಎಂಟು. ಒಂದು ಗ್ರಂಥದ ಹೆಸರು, ಕರ್ತೃ, ಪ್ರಕಾಶನ ಬರೆಯುವಷ್ಟರಲ್ಲಿ ಸಂದೇಶ ಮುಗಿಯುತ್ತಿತ್ತು. ಅಕ್ಷರಗಳ ಈ ಬಿಗಿ ಸಡಿಲವಾಗಿ, ಪುಟದ ಚಿತ್ರವನ್ನೇ ಕಳುಹಿಸಬಹುದಾದ ಮೇಲೆಯೇ ನಮ್ಮ ಭಾಷೆಗಳ ಓದುಗರಿಗೆ ಇಂಥ ನೆರವು ಸಲೀಸಾಯಿತು.

ಆದರೆ ನೆರವಿನ ಸ್ವರೂಪವನ್ನು ನಿರ್ಧರಿಸುವುದು ತಂತ್ರಜ್ಞಾನವೊಂದೇ ಅಲ್ಲ. ಕಾನೂನಿನ ಪಾಲೂ ಇದೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಅದರಂತೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವುಂಟು, ಗ್ರಂಥಾಲಯಗಳನ್ನು ನಡೆಸಲು ಇಲಾಖೆಯುಂಟು. ಆದ್ದರಿಂದಲೇ 2020ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಡಿಜಿಟಲ್ ಗ್ರಂಥಾಲಯವನ್ನು ತೆರೆಯುವುದು ಸಾಧ್ಯವಾಯಿತು. ಮಹಾರಾಷ್ಟ್ರದ 1967ರ ಕಾಯಿದೆಯ ದಾರಿ ಬೇರೆ. ಇಲ್ಲಿ ಬಹುಪಾಲು ವಾಚನಾಲಯಗಳನ್ನು ಕಟ್ಟಿದವರೂ ನಡೆಸುವವರೂ ಊರಿನ ಸಂಘಗಳು. ಸರಕಾರದ್ದು ದರ್ಜೆಗೆ ತಕ್ಕ ಅನುದಾನ. 1840ರಲ್ಲಿ ಆರಂಭವಾದ ನಾಸಿಕದ ಸಾರ್ವಜನಿಕ ವಾಚನಾಲಯ ಈ ಪರಂಪರೆಯ ಹಿರಿಯ ಕುಡಿ. ಈ ವ್ಯವಸ್ಥೆಯಲ್ಲಿ ಊರಿನ ಅಭಿಮಾನವಿದೆ, ಆತ್ಮೀಯತೆಯಿದೆ. ಆದರೆ ನಮಗೆ ಆ ಸಂಜೆ ಉತ್ತರಿಸಿದವರು ಬಳಸಿದ್ದು ತಮ್ಮ ಸ್ವಂತ ಮೊಬೈಲು, ತಮ್ಮ ಮನೆಯ ಸಮಯ. ಆ ಪ್ರಶ್ನೋತ್ತರ ಯಾವ ದಾಖಲೆ ಪುಸ್ತಕವನ್ನೂ ಸೇರಲಿಲ್ಲ. ಅವರು ನಿವೃತ್ತರಾದ ದಿನ ಸಂಖ್ಯೆಯೂ ಅದರೊಳಗಿನ ನೂರಾರು ಉತ್ತರಗಳೂ ಅವರೊಂದಿಗೆ ಹೋಗುತ್ತವೆ. ಗ್ರೀನ್ ಬಯಸಿದ ವೈಯಕ್ತಿಕ ಸಂಬಂಧ ಹೀಗೆ ಕೇವಲ ವೈಯಕ್ತಿಕವಾಗಿಯೇ ಉಳಿದರೆ ಅದು ಸಂಸ್ಥೆಯ ಸ್ಮೃತಿಯಾಗುವುದಿಲ್ಲ.

ಹೊರನಾಡ ಕನ್ನಡಿಗರಾದ ನಮಗೆ ಈ ಮಾತು ಇನ್ನಷ್ಟು ತಟ್ಟಬೇಕು. ಮರಾಠಿ ಬಲ್ಲ ಗ್ರಂಥಪಾಲಕರು ಎಷ್ಟೇ ಸಹೃದಯರಾಗಿದ್ದರೂ ಕನ್ನಡ ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ಓದಲಾರರು. ನಮ್ಮ ಪುಸ್ತಕಗಳು ನಮ್ಮ ನಮ್ಮ ಮನೆಗಳ ಕಪಾಟಿನಲ್ಲಿವೆ. ವರ್ಗವಾದಾಗ, ಮನೆ ಖಾಲಿ ಮಾಡುವಾಗ ರದ್ದಿಗೆ ಹೋಗುತ್ತವೆ. ಹೀಗೆ ಹೋದವುಗಳಲ್ಲಿ ನಮ್ಮವೂ ಇವೆ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಅದಕ್ಕಾಗಿ ನಾಸಿಕ, ಸಂಭಾಜಿನಗರಗಳ ನಾವು ಕೆಲವು ಗೆಳೆಯರು ಸೇರಿ ಒಂದು ಸಣ್ಣ ಪ್ರಯತ್ನ ಆರಂಭಿಸಿದ್ದೇವೆ: ಪ್ರತಿ ಮನೆಯ ಕಪಾಟಿನ ಚಿತ್ರಗಳು, ಅವುಗಳಿಂದ ಒಂದು ಪಟ್ಟಿ, ಪ್ರಶ್ನೆ ಕಳುಹಿಸಲು ಒಂದು ಸಂಖ್ಯೆ. ಜೊತೆಗೆ, ಬಂದ ಪ್ರಶ್ನೆಯನ್ನೂ ಕೊಟ್ಟ ಉತ್ತರವನ್ನೂ ಬರೆದಿಡಲು ಒಂದು ಗಟ್ಟಿ ರಟ್ಟಿನ ಪುಸ್ತಕ. ಸಂಖ್ಯೆ ಯಾರ ಕೈಗೆ ಹೋದರೂ ಪುಸ್ತಕವೂ ಅವರ ಕೈಗೆ ಹೋಗಬೇಕೆಂಬುದೇ ನಿಯಮ.

ಮೊದಲ ಪ್ರಶ್ನೆ ಬಂದದ್ದು ನಾಸಿಕದ ಪಂಚವಟಿಯಲ್ಲಿ ಬೆಳೆಯುತ್ತಿರುವ ಶಾಲಾ ಬಾಲಕಿಯಿಂದ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಇತ್ತೆಂದು ಯಾವ ಪುಸ್ತಕದಲ್ಲಿದೆ? ಹಾಗಿದ್ದರೆ ನಮ್ಮ ಮನೆ ಅದರ ಒಳಗೋ ಹೊರಗೋ? ಮೊದಲರ್ಧಕ್ಕೆ ಉತ್ತರ ಸುಲಭ: ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ಎರಡನೆಯರ್ಧಕ್ಕೆ ನಾವು ಮೂರು ದಿನ ತೆಗೆದುಕೊಂಡೆವು. ಹಳೆಯ ನಾಸಿಕ ನದಿಯ ಬಲದಂಡೆಯಲ್ಲಿದೆ, ಪಂಚವಟಿ ಎಡದಂಡೆಯಲ್ಲಿ. ಆದರೆ ಗ್ರಂಥವು ನದಿಯನ್ನು ಹೇಳುತ್ತದೆಯೇ ಹೊರತು ದಂಡೆಯನ್ನು ಹೇಳುವುದಿಲ್ಲ. ಗೋದಾವರಿಗೂ ಉತ್ತರದಲ್ಲಿರುವ ಎಲ್ಲೋರದ ಕೈಲಾಸ ದೇವಾಲಯವು ರಾಷ್ಟ್ರಕೂಟರದೇ ಎಂಬುದನ್ನೂ ಸೇರಿಸಿ, ಸಂಬಂಧಿಸಿದ ಪುಟದ ಚಿತ್ರ ಕಳುಹಿಸಿದೆವು. ನಾಸಿಕದ ಆ ಗ್ರಂಥಪಾಲಕರಿಂದ ಕಲಿತಂತೆ, ಮುಂದಿನ ಪುಟವನ್ನೂ.